ಅಮ್ಮನ ಹೆಸರಿದ್ದ ಎರಡು ಕಾರ್ಡು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಗಂಗೊಳ್ಳಿಯಲ್ಲಿ ನಮ್ಮ ಕೇರಿಯ ಯಾರನ್ನು ಕೇಳಿದರೂ ಹೇಳಿಬಿಡುತ್ತಾರೆ. ಹಾಗೆಂದು ಕಂಡಕಂಡವರ ಬಂಗಾರಕ್ಕೆ, ಮನೆಗೆ, ಮಕ್ಕಳ ಮಾರ್ಕಿಗೆ ಉರಿದುಕೊಳ್ಳುವವಳು ನಾನಲ್ಲ. ನನ್ನ ಉರಿಯೆಲ್ಲ ಒಬ್ಬಳ ಮೇಲೆ, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ನನ್ನ ತಂಗಿಯ ಮೇಲೆ. ಕಾರಣವೂ ಒಂದೇ. ಅಮ್ಮ ಅವಳ ಜೊತೆ ಇದ್ದಾಳೆ.

ನಮ್ಮ ಮೀನುಗಾರರ ಮನೆಗಳಲ್ಲಿ ತಾಯಿ ಇರುವುದು ಮಗಳ ಜೊತೆ. ಮಗ ಎಲ್ಲಿದ್ದರೂ ನಡೆಯುತ್ತದೆ, ಮನೆ ಮಾತ್ರ ಹೆಣ್ಣುಮಕ್ಕಳ ಕಡೆಗೆ ಉಳಿಯುತ್ತದೆ. ನನ್ನ ಅತ್ತೆಯೂ ಬೈಂದೂರಿನಲ್ಲಿ ತಮ್ಮ ಮಗಳ ಮನೆಯಲ್ಲಿ ಸುಖವಾಗಿದ್ದಾರೆ. ಅದರ ಬಗ್ಗೆ ನನ್ನ ಗಂಡನಿಗಾಗಲಿ ನನಗಾಗಲಿ ಬೇಸರವಿಲ್ಲ. ತೊಂದರೆ ಬರುವುದು ಹೆಣ್ಣುಮಕ್ಕಳು ಇಬ್ಬರಾದಾಗ. ಇಬ್ಬರಲ್ಲಿ ಒಬ್ಬಳು ತಾಯಿಯ ಮನೆಯಲ್ಲಿ ಉಳಿಯುತ್ತಾಳೆ, ಇನ್ನೊಬ್ಬಳು ಹಬ್ಬಕ್ಕೆ ಬಂದು ಹೋಗುತ್ತಾಳೆ. ಬಂದು ಹೋಗುವವಳು ನಾನು.

ಅಮ್ಮ ನಲವತ್ತು ವರ್ಷ ಮೀನು ಮಾರಿದಳು. ಗಂಗೊಳ್ಳಿಯಲ್ಲಿ ಬೆಳಿಗ್ಗೆ ಏಲಂ ಕೂಗುವಾಗ ಮೀನು ಎತ್ತಿ, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ, ವಂಡ್ಸೆಗೆ ಹೋಗಿ ಮನೆಮನೆಗೆ ಹೊತ್ತು ಮಾರುವುದು. ಅಪ್ಪ ಕಾಮಾಲೆಯಿಂದ ತೀರಿಕೊಂಡಾಗ ನಾವಿಬ್ಬರೂ ಸಣ್ಣವರು. ಅಮ್ಮನಿಗೆ ಓದು ಬರಹ ಬಾರದು, ಆದರೆ ವಂಡ್ಸೆಯ ಸುತ್ತಲಿನ ಅಷ್ಟೂ ಮನೆಗಳ ಪಂಚಾಂಗ ಅವಳ ತಲೆಯಲ್ಲಿತ್ತು. ಸಂಕ್ರಮಣ ಯಾವತ್ತು, ಯಾವ ಮನೆಯಲ್ಲಿ ಸೋಮವಾರ ಮೀನು ಮುಟ್ಟುವುದಿಲ್ಲ, ಯಾರ ಮನೆಯಲ್ಲಿ ಸೂತಕ, ಯಾರ ಮಗಳು ಬಾಳಂತನಕ್ಕೆ ಬಂದಿದ್ದಾಳೆ, ಯಾರ ಅಳಿಯ ಮುಂಬೈಯಿಂದ ಇಳಿದಿದ್ದಾನೆ. ಇದನ್ನೆಲ್ಲ ನೋಡಿಕೊಂಡು ಆ ದಿನ ಒಂದು ಬುಟ್ಟಿಯೋ ಎರಡು ಬುಟ್ಟಿಯೋ ಎಂದು ತೀರ್ಮಾನಿಸುತ್ತಿದ್ದಳು. "ಕಾಂಬ ಅಂದೇಳಿ ಬುಟ್ಟಿ ಎತ್ತುಕಾಗ. ಗೊತ್ತಿದ್ದೇ ಎತ್ಕ್" ಎನ್ನುತ್ತಿದ್ದಳು; ನೋಡೋಣ ಎಂದು ಎತ್ತಬಾರದು, ತಿಳಿದೇ ಎತ್ತಬೇಕು. ಅವಳ ಬುಟ್ಟಿಯಲ್ಲಿ ಮೀನು ಉಳಿದದ್ದನ್ನು ನಾನು ನೋಡಿದ್ದು ಕಡಿಮೆ.

ನಾನು ಓದುವುದರಲ್ಲಿ ಚುರುಕಿದ್ದೆ. ಅಮ್ಮ ನನ್ನನ್ನು ಕುಂದಾಪುರದ ಕಾಲೇಜಿಗೆ ಕಳಿಸಿದಳು. ತಂಗಿ ಹತ್ತನೆಯದನ್ನು ಹೇಗೋ ದಾಟಿ ಸಾಕು ಎಂದಳು. ಅವಳ ತಲೆಗೆ ಅಮ್ಮ ತಾನೇ ಬಟ್ಟೆ ಸುತ್ತಿ ಮಾಡಿದ ಸಿಂಬೆ ಇಟ್ಟು, ಅದರ ಮೇಲೆ ಬುಟ್ಟಿ ಇಟ್ಟಳು. ನಾನು ಎಂಎ ಮುಗಿಸುವಷ್ಟು ಕಾಲ ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ವಂಡ್ಸೆಗೆ ಹೋಗಿ ಬಂದರು. ಸಂಜೆ ನಾನು ಪುಸ್ತಕ ಹಿಡಿದು ಕುಳಿತಿದ್ದರೆ ಅವರಿಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಯಾರೋ ಗಿರಾಕಿಯನ್ನು ಅಣಕಿಸಿ ನಗುತ್ತಿದ್ದರು. ಆ ಗಿರಾಕಿ ಯಾರು, ಅದರಲ್ಲಿ ನಗುವಂಥದ್ದು ಏನು, ನನಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಕೇಳಿದರೆ "ಅದ್ ನಿಂಗೆ ಗೊತ್ತಾತಿಲ್ಲೆ, ನೀನ್ ಓದ್" ಎನ್ನುತ್ತಿದ್ದಳು ಅಮ್ಮ. ಓದು ಎಂದರೆ ಹೊರಗೆ ಹಾಕುವುದು ಎಂಬ ಅರ್ಥವೂ ಇದೆಯೆಂದು ನನಗೆ ಆಗಲೇ ಅನ್ನಿಸಿತ್ತು.

ಈಗ ನಾನು ಸಾಲಿಗ್ರಾಮದ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರು. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಹುಷಾರು ತಪ್ಪಿದರೆ ಶಾಲೆಯವರು ಕೊಡುವುದು ರಜೆ ಮಾತ್ರ, ಅದೂ ಸಂಬಳ ಕಡಿದು. ಗಂಡ ಅದೇ ಶಾಲೆಗೆ ವ್ಯಾನು ಓಡಿಸುತ್ತಾರೆ. ಇಬ್ಬರು ಮಕ್ಕಳು. ತಂಗಿಯ ಗಂಡನಿಗೆ ಬೋಟಿನಲ್ಲಿ ಪಾಲಿದೆ. ತಂಗಿ ಈಗ ಬುಟ್ಟಿ ಹೊರುವುದಿಲ್ಲ. ಅಮ್ಮನ ಹಳೆಯ ಗಿರಾಕಿಗಳನ್ನೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು, ಬೆಳಿಗ್ಗೆ ಮೀನಿನ ಫೋಟೋ ಹಾಕುತ್ತಾಳೆ, ಹತ್ತು ಗಂಟೆಗೆ ಅವಳ ಆಟೋ ವಂಡ್ಸೆಯಲ್ಲಿರುತ್ತದೆ. ಅಮ್ಮ ಅವಳ ಪಕ್ಕದಲ್ಲಿ ಕೂತು ಯಾರಿಗೆ ಎಷ್ಟು ಕಳಿಸಬೇಕೆಂದು ಹೇಳುತ್ತಾಳೆ. ಇದನ್ನು ನನಗೆ ಬೇರೆಯವರು ಬಂದು ಹೊಗಳಿ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಾವೂ ತಂಗಿಯ ಮನೆಯವರೂ ಸದಸ್ಯರಾಗಿದ್ದ ಸೊಸೈಟಿಯಲ್ಲಿ ಆರೋಗ್ಯ ವಿಮೆ ಮಾಡಿಸುತ್ತಾರೆಂದು ಗೊತ್ತಾಯಿತು. ಸೊಸೈಟಿಯ ಮೂಲಕ ಒಟ್ಟಾಗಿ ಮಾಡಿಸುವುದರಿಂದ ಮೊದಲೇ ಇದ್ದ ಕಾಯಿಲೆಗೂ ದುಡ್ಡು ಸಿಗುತ್ತದೆ, ವರ್ಷಗಟ್ಟಲೆ ಕಾಯಬೇಕಾಗಿಲ್ಲ ಎಂದು ಅಲ್ಲಿ ಕೆಲಸ ಮಾಡುವ ಹುಡುಗಿ ಮನೆಗೇ ಬಂದು ಹೇಳಿದಳು. ಫಾರ್ಮಿನಲ್ಲಿ ಮೂರು ಚೌಕ. ಮೊದಲನೆಯದು ಚಿನ್ನ: ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ, ವರ್ಷಕ್ಕೆ ಐದು ಲಕ್ಷದವರೆಗೆ. ಎರಡನೆಯದು ಕುಟುಂಬ: ಇವರ ಜೊತೆಗೆ ಇಬ್ಬರು ಹಿರಿಯರನ್ನೂ ಸೇರಿಸಬಹುದು, ಆದರೆ ಎಲ್ಲರಿಗೂ ಸೇರಿ ಒಂದೂವರೆ ಲಕ್ಷ. ಅದರಲ್ಲಿ ಒಬ್ಬರು ಖರ್ಚು ಮಾಡಿದರೆ ಉಳಿದವರಿಗೆ ಅಷ್ಟು ಕಡಿಮೆ. ಮೂರನೆಯದು ವಜ್ರ: ಹಿರಿಯರೂ ಸೇರಿ ಐದು ಲಕ್ಷ. ಚಿನ್ನಕ್ಕೂ ಕುಟುಂಬಕ್ಕೂ ಕಟ್ಟುವ ಹಣದಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ವಜ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ.

ನನ್ನ ಗಂಡ ವ್ಯಾನಿಗೆ ಇನ್ಶೂರೆನ್ಸ್ ಕಟ್ಟಿ ಅನುಭವವಿರುವ ಮನುಷ್ಯ. ಫಾರ್ಮನ್ನು ಮೇಜಿನ ಮೇಲೆ ಹರಡಿ, ಈ ವರ್ಷ ನಮ್ಮ ಮನೆಯಲ್ಲಿ ಯಾರು ಆಸ್ಪತ್ರೆ ಸೇರಬಹುದು ಎಂದು ಒಬ್ಬೊಬ್ಬರನ್ನೇ ತೆಗೆದುಕೊಂಡರು. ಮಕ್ಕಳಿಗೆ ಬರುವುದು ಶೀತ ಜ್ವರ, ಅದಕ್ಕೆ ಹಾಸಿಗೆ ಹಿಡಿಯಬೇಕಾಗಿಲ್ಲ. ತಾನು ಕಲ್ಲುಗುಂಡಿನ ಹಾಗಿದ್ದೇನೆ ಎಂದರು. ನಾನು "ಬಿಡ್ತು ಅನ್ನಿ" ಎಂದೆ. ಉಳಿದವಳು ನಾನು. ನನ್ನ ಗರ್ಭಕೋಶದಲ್ಲಿ ಗಡ್ಡೆ ಬೆಳೆದಿತ್ತು. ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಸ್ವಲ್ಪ ಸಮಯ ಮಾತ್ರೆಯಲ್ಲಿ ನೋಡುವ, ಕಡಿಮೆಯಾಗದಿದ್ದರೆ ವರ್ಷದೊಳಗೆ ಗರ್ಭಕೋಶ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇದು ಗಂಡನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ಅಮ್ಮನಿಗೆ ನಾನು ಹೇಳಿದ್ದೂ ಅಲ್ಲ. ಒಮ್ಮೆ ಅವಳ ಮನೆಯ ಮೆಟ್ಟಿಲಲ್ಲಿ ಕೂತಿದ್ದ ನಾನು ಏಳುವಾಗ ಗೋಡೆ ಹಿಡಿದದ್ದನ್ನು ನೋಡಿ ಕೇಳಿ ತಿಳಿದುಕೊಂಡಿದ್ದಳು. ಬೇರೆ ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಹೇಳಿದ್ದೆ.

"ಕಾಣ್, ಈ ವರ್ಷ ಆಸ್ಪತ್ರೆಗೆ ಹೋಪುದ್ ನೀನೇ" ಎಂದರು ಗಂಡ. "ಆಪ್ರೇಷನ್ನಿಗೇ ಒಂದ್ ಲಕ್ಷ ಆತ್ತ್. ಎಂತಾರೂ ಹೆಚ್ಚ್ ಕಡ್ಮಿ ಆರೆ? ಚಿನ್ನದ್ದೇ ಮಾಡುವ."

ಇದಕ್ಕಿಂತ ಸರಿಯಾದ ಮಾತು ಇರಲಿಲ್ಲ. ನಾನೂ ಸರಿ ಎಂದೆ. ಪೆನ್ನು ತೆಗೆದು ಹೆಸರು ಬರೆಯುವುದಷ್ಟೇ ಬಾಕಿ. ಆಗ ಫೋನು ಟಿಂಗ್ ಎಂದಿತು.

ತಂಗಿ ಫೋಟೋ ಕಳಿಸಿದ್ದಳು. ಅಮ್ಮ ಮನೆಯ ಜಗಲಿಯಲ್ಲಿ ಕೂತು, ಹೊಳೆಯುವ ಒಂದು ಕಾರ್ಡನ್ನು ಎದೆಯ ಹತ್ತಿರ ಹಿಡಿದುಕೊಂಡು ನಗುತ್ತಿದ್ದಾಳೆ. ಕಾರ್ಡಿನ ಮೇಲೆ ಅಮ್ಮನ ಹೆಸರು. ಕೆಳಗೆ ತಂಗಿಯ ದನಿ: "ಅಕ್ಕ, ಅಮ್ಮನ್ನ ನಾನ್ ವಜ್ರದಲ್ಲಿ ಹಾಕಿದೆ. ನೀನ್ ತಲೆಬಿಸಿ ಮಾಡ್ಬೇಡ. ನಿಂಗೆ ಚಿನ್ನದ್ದೇ ಸಾಕ್, ಅದನ್ನೇ ಮಾಡ್ಸ್ಕೋ."

ನಿನಗೆ ಚಿನ್ನದ್ದೇ ಸಾಕು. ಆ ದನಿಯನ್ನು ನಾನು ಮೂರು ಸಲ ಹಾಕಿ ಕೇಳಿದೆ. ಮೂರನೆಯ ಸಲ ಕೇಳುವಾಗ ಕಿವಿ ಬಿಸಿಯಾಗಿತ್ತು. ಅಮ್ಮನನ್ನು ಇಟ್ಟುಕೊಂಡದ್ದಾಯಿತು, ಅಮ್ಮನ ಗಿರಾಕಿಗಳನ್ನು ಇಟ್ಟುಕೊಂಡದ್ದಾಯಿತು, ಈಗ ಅಮ್ಮನ ಕಾಯಿಲೆಯೂ ಅವಳದೇ. ನಾಳೆ ಅಮ್ಮ ಬಿದ್ದರೆ ಎದ್ದರೆ ಆಸ್ಪತ್ರೆಯಲ್ಲಿ ಯಾರ ಕಡೆಯವರು ಎಂದು ಕೇಳಿದಾಗ ತಂಗಿಯ ಹೆಸರು ಬರುತ್ತದೆ, ನಾನು ಹಣ್ಣು ಹಿಡಿದು ನೋಡಲು ಬಂದ ನೆಂಟಳಾಗುತ್ತೇನೆ. ಅಮ್ಮ ಆ ಕಾರ್ಡನ್ನು ಹಿಡಿದುಕೊಂಡ ರೀತಿಯೇ ನನಗೆ ಸಹಿಸಲಾಗಲಿಲ್ಲ. ನಾನು ಎಂಎ ಸರ್ಟಿಫಿಕೇಟು ತಂದು ಕೈಯಲ್ಲಿಟ್ಟಾಗ ಅವಳು ಹೀಗೆ ನಕ್ಕಿರಲಿಲ್ಲ, ಒದ್ದೆ ಕೈ ಎಂದು ಮುಟ್ಟಲೂ ಇಲ್ಲ.

"ಕುಟುಂಬ ಮಾಡುವ" ಎಂದೆ.

ಗಂಡ ಮುಖ ನೋಡಿದರು. "ಎಂತಕ್ಕೆ? ಅಮ್ಮನ್ ನಿನ್ ತಂಗಿ ಹಾಕ್ಕಂಡಿದ್ಳಲೆ."

"ಅವಳ್ ಗಂಡನ್ ಬೋಟ್ ಒಂದ್ ವರ್ಷ ಕೈಕೊಟ್ರೆ? ಆಗಳ್ ಅಮ್ಮನ್ ಕತಿ ಎಂತ?"

ಇದು ಸುಳ್ಳು ಕಾಳಜಿ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಹೆಂಡತಿ ತನ್ನ ತಾಯಿಯ ಹೆಸರು ಸೇರಿಸುತ್ತೇನೆ ಎಂದರೆ ಬೇಡ ಎನ್ನುವ ಗಂಡಸು ನಮ್ಮಲ್ಲಿ ಇಲ್ಲ. ಅವರು ಎದ್ದು ವ್ಯಾನು ತೊಳೆಯಲು ಹೋದರು. ಮರುದಿನ ಸೊಸೈಟಿಯ ಹುಡುಗಿ ಮಾತ್ರ ಬಿಡಲಿಲ್ಲ. "ಟೀಚರ್ರೆ, ಅಮ್ಮನ್ ಹೆಸ್ರ್ ಹಾಕುಕೆ ಅಡ್ಡಿಲ್ಲೆ. ಆರೆ ಒಂದೇ ಬಿಲ್ಲಿಗೆ ಎರಡ್ ಸಲ ದುಡ್ಡ್ ಸಿಕ್ಕುದಿಲ್ಲೆ ಕಾಣಿ. ಸುಮ್ನೆ ದಂಡ." ನಾನು ಅವಳಿಗೆ ಎಂಟನೆಯ ತರಗತಿಯಲ್ಲಿ ಪಾಠ ಮಾಡಿದವಳು. ಆ ಗತ್ತಿನಲ್ಲೇ ನಡುವಿನ ಚೌಕಕ್ಕೆ ಗುರುತು ಹಾಕಿ ಕೊಟ್ಟೆ.

ನನ್ನ ಕಾಯಿಲೆಗೆ ಬೇಕಾದದ್ದು ಆಳವಾದ ಪಾತ್ರೆ. ನಾನು ಆರಿಸಿದ್ದು ಅಗಲದ ಬಟ್ಟಲು. ಆಯ್ಕೆ ತಪ್ಪು ಎಂದು ಗೊತ್ತಿದ್ದೇ ಮಾಡಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುವುದಿಲ್ಲ, ಅದೇ ವಿಚಿತ್ರ. ತಂಗಿಯ ಮೇಲೆಯೇ ಬರುತ್ತದೆ.

ಕಾರ್ಡು ಬಂದ ಭಾನುವಾರವೇ ಗಂಗೊಳ್ಳಿಗೆ ಹೋದೆ. ಬೇರೆ ಏನೋ ನೆವ ಹೇಳಿದೆ. ಊಟವಾದ ಮೇಲೆ ಅಮ್ಮನ ಹೆಸರಿದ್ದ ಕಾರ್ಡನ್ನು ಬ್ಯಾಗಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದು ಹೊಳೆಯುತ್ತಿರಲಿಲ್ಲ, ಬಿಳಿ ಕಾರ್ಡು.

"ಇದ್ ಎಷ್ಟ್ ಜನಕ್ಕೆ?" ಎಂದು ಕೇಳಿದಳು.

"ನಮ್ಮ ನಾಲ್ವರಿಗೆ, ಮತ್ತೆ ನಿಂಗೆ."

"ಎಲ್ಲರಿಗೂ ಸೇರಿ ಒಂದೇಯಾ?"

"ಹೌದು, ಎಲ್ಲರಿಗೂ ಸೇರಿ ಒಂದೇ."

ಅಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿದಳು. ಎಲೆಯಡಿಕೆ ಚೀಲದಲ್ಲಿ, ತಂಗಿಯ ಕಾರ್ಡು ಇಟ್ಟ ಪ್ಲಾಸ್ಟಿಕ್ ಕವರಿನೊಳಗೆ, ಅದರ ಹಿಂದೆ ನನ್ನದನ್ನು ಸೇರಿಸಿದಳು. ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕ, ಚಿನ್ನದ್ದ್ ಮಾಡ್ಸಿಲ್ಯಾ?" ಎಂದಳು.

"ಅಮ್ಮ ನಂಗೂ ಅಮ್ಮನೇ" ಎಂದೆ.

ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಅವಳಿಗೆ ಹೊಟ್ಟೆ ಉರಿದಿದೆ ಎಂದುಕೊಂಡು ನಾನು ಖುಷಿಯಲ್ಲಿ ಬಸ್ಸು ಹತ್ತಿದೆ.

ಮಳೆಗಾಲ ಕಳೆದು ಬೋಟುಗಳು ಕಡಲಿಗೆ ಇಳಿದ ಹೊತ್ತಿನಲ್ಲಿ ಅಮ್ಮನಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಪಿತ್ತಕೋಶದಲ್ಲಿ ಕಲ್ಲು. ಕುಂದಾಪುರದ ಆಸ್ಪತ್ರೆಗೆ ತಂಗಿ ಆಟೋದಲ್ಲಿ ಕರೆತಂದಳು. ನಾನು ಮೂರನೇ ಪೀರಿಯಡ್ಡು ಬಿಟ್ಟು ಬಸ್ಸು ಹಿಡಿದು ಓಡಿದೆ. ಅಮ್ಮ ಬಗ್ಗಿಕೊಂಡು ಬೆಂಚಿನ ಮೇಲೆ ಕೂತಿದ್ದಳು, ಮುಖವೆಲ್ಲ ಬೆವರು. ಕೂಡಲೇ ದಾಖಲು ಮಾಡಿ ಎಂದರು. ಕೌಂಟರಿನಲ್ಲಿದ್ದವಳು, "ಕಾರ್ಡ್ ಉಂಟಾ?" ಎಂದು ಕೇಳಿದಳು.

ಇಂಥ ಹೊತ್ತಿನಲ್ಲೂ ನನ್ನ ಎದೆ ಹೊಡೆದುಕೊಂಡದ್ದು ಅಮ್ಮನ ನೋವಿಗೆ ಅಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಅಮ್ಮನಿಗೆ ಕೊಟ್ಟ ಕಾರ್ಡಿನ ಜೆರಾಕ್ಸು ಇಟ್ಟುಕೊಂಡಿದ್ದ ಬ್ಯಾಗಿನ ಜಿಪ್ಪು ಎಳೆದೆ. ತಂಗಿ ನೀರಿನ ಬಾಟಲಿ ಹಿಡಿದು ಸುಮ್ಮನೆ ನಿಂತಿದ್ದಳು, ಅವಳಿಗೆ ಅವಸರವೇ ಇರಲಿಲ್ಲ. ಅಷ್ಟರಲ್ಲಿ ಅಮ್ಮ ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಎಲೆಯಡಿಕೆ ಚೀಲದಿಂದ ಕವರು ತೆಗೆದಳು. ಎರಡೂ ಕಾರ್ಡು ಅದರಲ್ಲಿದ್ದವು. ಓದು ಬಾರದ ಅಮ್ಮ ಸ್ವಲ್ಪವೂ ತಡಮಾಡದೆ ಹೊಳೆಯುವುದನ್ನು ಎಳೆದು ಕೌಂಟರಿನ ಮೇಲೆ ಇಟ್ಟಳು.

"ಅಮ್ಮಾ, ನಂದೂ ಇತ್ತಲೆ" ಎಂದೆ. ನನ್ನ ದನಿ ನನಗೇ ಹತ್ತು ವರ್ಷದ ಹುಡುಗಿಯದರ ಹಾಗೆ ಕೇಳಿಸಿತು.

"ಅದ್ ಇರ್ಲಿ" ಎಂದಳು ಅಮ್ಮ.

ಅಷ್ಟೇ. ಬಿಳಿ ಕಾರ್ಡು ಚೀಲದೊಳಗೆ ಹೋಯಿತು. ಕೌಂಟರಿನವಳು ತಂಗಿಯ ಹೆಸರು ಬರೆದುಕೊಂಡಳು, ಸಂಬಂಧ ಎಂಬಲ್ಲಿ ಮಗಳು ಎಂದು ಬರೆದಳು. ನಾನು ಯಾರೆಂದು ಯಾರೂ ಕೇಳಲಿಲ್ಲ. ಆಪರೇಷನ್ನು ಸಲೀಸಾಗಿ ಆಯಿತು, ನಾಲ್ಕನೇ ದಿನ ಅಮ್ಮ ಗಂಗೊಳ್ಳಿಗೆ ಹೋದಳು. ನಾನು ಆ ಮೂರು ದಿನವೂ ಶಾಲೆ ಮುಗಿಸಿ ಕಿತ್ತಳೆ ಹಿಡಿದುಕೊಂಡು ಹೋಗಿ, ಬೆಂಚಿನ ತುದಿಯಲ್ಲಿ ಕೂತು ಬಂದೆ.

ಆಮೇಲೆ ನಾನು ಮಾಡಿದ್ದು ಮಕ್ಕಳಾಟ. ಫೋನು ಮಾಡುವುದು ಬಿಟ್ಟೆ. ತಂಗಿ ಮೊದಲಿನಿಂದಲೂ ವಾರಕ್ಕೊಮ್ಮೆ ಮೀನನ್ನು ಐಸಿನಲ್ಲಿಟ್ಟು ಕಟ್ಟಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಸಾಲಿಗ್ರಾಮಕ್ಕೆ ಕಳಿಸುತ್ತಿದ್ದಳು. ನನ್ನ ಗಂಡ ಸ್ಟಾಪಿನಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದರು. ಆ ಮೀನನ್ನು ನಾನು ಬಿಚ್ಚದೆ ಪಕ್ಕದ ಮನೆಗೆ ಕೊಡತೊಡಗಿದೆ. ಕಾರ್ತಿಕ ಮಾಸ, ನಾನು ಮೀನು ತಿನ್ನುವುದಿಲ್ಲ ಎಂದೆ. ಕಾರ್ತಿಕ ಮುಗಿಯಿತು. ಹರಕೆ ಎಂದೆ. ಪಕ್ಕದ ಮನೆಯಿಂದ ಬಂಗುಡೆ ಸಾರಿನ ಪರಿಮಳ ಬರುವಾಗ ನಮ್ಮ ಮನೆಯಲ್ಲಿ ಬದನೆ ಹುಳಿ. ಗಂಡ ಊಟದ ನಡುವೆ ಆ ಮನೆಯ ಕಿಟಕಿಯ ಕಡೆಗೆ ಒಮ್ಮೆ ನೋಡಿ, "ನಿನ್ ಹರ್ಕಿ ನಮ್ಗೂ ಉಂಟಾ?" ಎಂದು ಕೇಳಿದರು. ಮಕ್ಕಳು ನಕ್ಕರು. ನಾನು ಇನ್ನಷ್ಟು ಹುಳಿ ಬಡಿಸಿದೆ.

ಅಮ್ಮ ಒಂದು ದಿನ ತಂಗಿಯ ಫೋನಿನಿಂದ ಮಾಡಿದಳು. "ಎಂತ ಹೆಣೆ, ಫೋನಿಲ್ಲೆ ಸುದ್ದಿಯಿಲ್ಲೆ. ರಕ್ತ ಹೋಪುದ್ ನಿಂತಿತಾ?" ಎಂದಳು. ಆ ಮನೆಯ ಅಂಗಳದಲ್ಲಿ ನಿಂತು, ಯಾರು ಕೇಳಿಸಿಕೊಂಡರೂ ಚಿಂತೆಯಿಲ್ಲವೆಂಬಂತೆ. ನಾನು ನಿಂತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ನಿಂತಿರಲಿಲ್ಲ. ಮಾತ್ರೆ ಮುಗಿದ ತಿಂಗಳು ಇನ್ನೂ ಹೆಚ್ಚಾಯಿತು. ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಅಕ್ಷರಗಳು ಕೆಳಗೆ ಜಾರಿದ ಹಾಗಾಯಿತು. ಎಚ್ಚರವಾದಾಗ ಗಂಡನ ವ್ಯಾನಿನ ಹಿಂದಿನ ಸೀಟಿನಲ್ಲಿದ್ದೆ. ಕುಂದಾಪುರದ ಅದೇ ಆಸ್ಪತ್ರೆ, ಅದೇ ಕೌಂಟರು. ರಕ್ತ ತೀರಾ ಕಡಿಮೆಯಿದೆ, ಮೊದಲು ರಕ್ತ ಕೊಟ್ಟು ಆಮೇಲೆ ಆಪರೇಷನ್ನು ಎಂದರು. ಮೂರು ದಿನದ ಕೆಲಸ ಹತ್ತು ದಿನಕ್ಕೆ ಹಿಗ್ಗಿತು. ಗಂಡ ದಿನಾ ಸಂಜೆ ಬಿಲ್ಲು ವಿಚಾರಿಸಿ ಬಂದು ನನ್ನ ಹತ್ತಿರ ಏನೂ ಹೇಳುತ್ತಿರಲಿಲ್ಲ. ಕೊನೆಗೆ ನಾನೇ ಕೇಳಿದೆ. "ಒಂದೂವರೆ ಲಕ್ಷದ್ ಅಂಚಿಗ್ ಬಂದ್ ನಿಂತಿತ್. ಒಳ್ಗೇ ಆತ್ತ್ ಕಾಂತ್" ಎಂದರು. ಕಿಟಕಿಯ ಹೊರಗೆ ನೋಡುತ್ತಾ, "ಅಮ್ಮಂದೂ ಇದ್ರಲ್ಲೇ ಆಗಿದ್ರೆ ನಾನ್ ಎಂತ ಮಾಡ್ಕಿತ್?" ಎಂದರು.

ಆ ಹತ್ತು ದಿನವೂ ಅಮ್ಮ ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿದ್ದಳು. ಆಪರೇಷನ್ನಾದ ಮೂರನೇ ದಿನ ಮಧ್ಯಾಹ್ನ, ಅವಳು ನನ್ನ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಇಷ್ಟು ತಿಂಗಳು ಕೇಳದೆ ಬಿಟ್ಟದ್ದನ್ನು ಕೇಳಿಯೇಬಿಟ್ಟೆ. ಅವತ್ತು ನನ್ನ ಕಾರ್ಡು ಯಾಕೆ ಕೊಡಲಿಲ್ಲ?

ಅಮ್ಮ ಬಾಚಣಿಗೆ ನಿಲ್ಲಿಸಲಿಲ್ಲ. "ಎಲ್ಲರಿಗೂ ಸೇರಿ ಒಂದೇ ಅಂದೇಳಿ ನೀನೇ ಹೇಳಿದ್ಯಲೆ. ಇಪ್ಪುದ್ ಒಂದ್ ಬುಟ್ಟಿ. ಅದ್ನ ನಾನೇ ತಿಂದ್ರೆ ನಿಂಗೆಂತ ಉಳಿತಿತ್?"

ಕಣ್ಣಲ್ಲಿ ನೀರು ಬಂತು. ಅದುಮಿಟ್ಟುಕೊಂಡದ್ದೆಲ್ಲ ಕರಗಿ ಹೋದ ಹಾಗಾಯಿತು. ಅಕ್ಷರ ಗೊತ್ತಿಲ್ಲದ ನನ್ನಮ್ಮ ಹೊಟ್ಟೆನೋವಿನ ನಡುವೆ ನನ್ನ ಪಾಲನ್ನು ಎತ್ತಿಟ್ಟಿದ್ದಳು. ನಾನೇ ಅವಳಿಗೆ ಮೊದಲು! ನಾನು ಅವಳ ಕೈ ಹಿಡಿದುಕೊಂಡೆ. ಅಮ್ಮ ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಬಾಳು ಅವತ್ತೇ ಹಸನಾಗುತ್ತಿತ್ತು.

"ನಾನೆಂತ ಅಷ್ಟ್ ಬುದ್ಧಿವಂತಿ ಅಲ್ಲ ಮಗಾ" ಎಂದು ಅಮ್ಮ ಮುಂದುವರಿಸಿದಳು. "ನಿನ್ ತಂಗಿ ಹೇಳದ್. ಅಕ್ಕನ್ ಕಾರ್ಡ್ ಮುಟ್ಟುಕಾಗ, ಅವ್ಳಿಗೆ ಆಪ್ರೇಷನ್ ಬಪ್ಪುದಿತ್ ಅಂದೇಳಿ. ವಜ್ರ ಮಾಡ್ಸದ್ದೂ ಅದ್ಕೇಯ. ನಾನ್ ಅವ್ಳ್ ಕಾರ್ಡಲ್ಲಿದ್ರೆ ನೀನ್ ಚಿನ್ನದ್ದ್ ಮಾಡ್ಸ್ಕಂತೆ ಅಂದೇಳಿ. ಬಳಿ ಮಾಡ್ಸುಕೆ ಇಟ್ಟ್ ದುಡ್ಡ್ ಹಾಕಿದ್ಳ್ ಅದಕ್ಕೆ."

ನಾನು ಕೈ ಬಿಟ್ಟೆ. "ನಂಗೆ ಗಡ್ಡೆ ಆದ್ ಸುದ್ದಿ ಅವ್ಳಿಗೆ ಯಾರ್ ಹೇಳದ್?"

"ನಾನೇ. ಅವ್ಳಿಗಲ್ದೆ ಇನ್ಯಾರಿಗ್ ಹೇಳುದ್?"

ಹೌದು, ಇನ್ಯಾರಿಗೆ ಹೇಳುವುದು?

ಒಳ್ಳೆಯ ಹೆಂಗಸಾಗಿದ್ದರೆ ನಾನು ಆ ಕ್ಷಣ ತಂಗಿಯ ಬಗ್ಗೆ ಪಶ್ಚಾತ್ತಾಪಪಡಬೇಕಿತ್ತು. ಪಟ್ಟೆ, ಇಲ್ಲವೆನ್ನುವುದಿಲ್ಲ, ಆದರೆ ಅದು ಎರಡನೆಯದಾಗಿ ಬಂತು. ಮೊದಲು ಬಂದದ್ದು ಹಳೆಯ ಉರಿಯೇ, ಮೊದಲಿಗಿಂತ ಜೋರಾಗಿ. ನನ್ನ ಗುಟ್ಟು ಇಬ್ಬರೂ ಬಾವಿಕಟ್ಟೆಯಲ್ಲಿ ಕೂತು ಮಾತಾಡಿದ್ದಾರೆ. ನನಗೆ ಯಾವ ಪ್ಲಾನು ಒಳ್ಳೆಯದು, ನನ್ನ ಪಾಲು ಹೇಗೆ ಉಳಿಸುವುದು ಎಂದು ಅವರೇ ತೀರ್ಮಾನಿಸಿದ್ದಾರೆ. ಅವಳು ಬಳೆ ಬಿಟ್ಟು ನನಗೊಂದು ಅವಕಾಶ ಮಾಡಿಕೊಟ್ಟಳು. ನಾನು ಅದನ್ನು ಅವಳ ಮೇಲಿನ ಮತ್ಸರಕ್ಕೇ ಸುರಿದೆ. ಆ ತಪ್ಪನ್ನೂ ಅವಳೇ ಸರಿಮಾಡಿದಳು, ಒಂದು ಮಾತೂ ಆಡದೆ, ನೀರಿನ ಬಾಟಲಿ ಹಿಡಿದು ನಿಂತು. ಒಳ್ಳೆಯತನದಲ್ಲೂ ಅವಳೇ ಗೆದ್ದಳು. ಅಮ್ಮ ನನ್ನನ್ನು ಕಾಪಾಡಿದಳೆಂದು ನಾನು ಸಂಭ್ರಮಿಸಿದ್ದು ಒಂದು ನಿಮಿಷ. ಅದೂ ನನ್ನದಾಗಿ ಉಳಿಯಲಿಲ್ಲ.

ಸಂಜೆ ತಂಗಿ ಗಂಜಿ ತಂದಳು. ಅವಳ ಕೈಯಲ್ಲಿದ್ದದ್ದು ಹಳೆಯ ತೆಳ್ಳಗಿನ ಎರಡು ಬಳೆ. ಚಮಚದಲ್ಲಿ ಗಂಜಿ ಕುಡಿಸುತ್ತಾ, "ನಂಗೆ ಬೈಬೇಡ ಅಕ್ಕ, ಅಮ್ಮ ಮನ್ಸಲ್ಲಿ ಇಟ್ಕಂಬುಕಾಗ್ದೆ ನನ್ನತ್ರ ಹೇಳಿದ್" ಎಂದಳು. ಅಮ್ಮ ಎಲ್ಲವನ್ನೂ ಅವಳಿಗೆ ಆಗಲೇ ವರದಿ ಮಾಡಿದ್ದಳು. ನಾನು ಗಂಜಿ ಕುಡಿದೆ. ಉಪ್ಪು ಹದವಾಗಿತ್ತು. "ಬಳಿ ಮಾಡ್ಸ್ಕೋ" ಎಂದೆ. ಅವಳು ನಕ್ಕು, "ಆಯ್ತ್, ಮುಂದಿನ್ ವರ್ಷ ನೀನ್ ಚಿನ್ನದ್ದ್ ಮಾಡ್ಸಿರೆ" ಎಂದಳು. ಅವಳ ನಗು ಅಮ್ಮನದೇ. ನನ್ನದು ಅಪ್ಪನ ಹಾಗಂತೆ.

ಆಸ್ಪತ್ರೆಯಿಂದ ಬಿಡುವಾಗ ನಾಲ್ಕು ವಾರ ಭಾರ ಎತ್ತಬಾರದು, ಬಗ್ಗಬಾರದು ಎಂದರು. ಅಮ್ಮ ಮನೆಗೆ ಹೋಗಿ ಎರಡು ಸೀರೆ ತಂದು ನಮ್ಮ ವ್ಯಾನು ಹತ್ತಿದಳು. ಮದುವೆಯಾದ ಹದಿನಾರು ವರ್ಷದಲ್ಲಿ ಅಮ್ಮ ನನ್ನ ಮನೆಯಲ್ಲಿ ಒಟ್ಟಿಗೆ ಮೂರು ದಿನ ಇದ್ದವಳಲ್ಲ. ಬಾಳಂತನಕ್ಕೂ ನಾನೇ ಅಲ್ಲಿಗೆ ಹೋಗಿದ್ದೆ. ಈಗ ಅವಳು ನನ್ನ ಒಲೆಯ ಮುಂದೆ ನಿಂತು ಸಾಸಿವೆ ಡಬ್ಬಿ ಎಲ್ಲಿ ಎಂದು ಕೇಳುವುದು, ನನ್ನ ಮಕ್ಕಳನ್ನು ಹಲ್ಲು ತಿಕ್ಕಲು ಬೈಯುವುದು, ಮಧ್ಯಾಹ್ನ ನನ್ನ ಕಾಲ ಹತ್ತಿರ ಕೂತು ಎಲೆಗೆ ಸುಣ್ಣ ಸವರುವುದು, ಎಲ್ಲವನ್ನೂ ನಾನು ಹಾಸಿಗೆಯಿಂದ ಕಣ್ತುಂಬ ನೋಡಿದೆ. ವಂಡ್ಸೆಯ ಗಿರಾಕಿಗಳ ಕತೆಗಳನ್ನು ಒಂದೊಂದಾಗಿ ಹೇಳಿಸಿಕೊಂಡೆ. ಆ ಕಾಲದಲ್ಲಿ ಅರ್ಥವಾಗದೆ ಹೋದ ನಗುವಿಗೆಲ್ಲ ಈಗ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೀನೂ ತಿಂದೆ. ತಂಗಿ ಕಳಿಸಿದ್ದೇ.

ಆದರೆ ದಿನಾ ಸಂಜೆ ಐದಕ್ಕೆ ಅಮ್ಮ ನನ್ನ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. "ಇವತ್ತ್ ಎಂತ ಮೀನ್ ಬಂತ್? ಆ ಮೂಲೆಮನಿಯವ್ಳ್ ದುಡ್ಡ್ ಕೊಟ್ಳಾ?" ಎಂದು ಶುರುವಾದರೆ ಅರ್ಧ ಗಂಟೆ. ಎರಡನೇ ವಾರದಲ್ಲಿ, "ಬತ್ತೆ ಬತ್ತೆ, ಇನ್ನೆರಡೇ ವಾರ ಅಲ್ದಾ" ಎಂದು ತಂಗಿಯನ್ನು ಸಮಾಧಾನ ಮಾಡುವುದು ಕೇಳಿಸಿತು. ನನಗೂ ಗೊತ್ತಿತ್ತು, ಎರಡೇ ವಾರ.

ನಾಲ್ಕು ವಾರ ತುಂಬಿದ ದಿನ ಗಂಡನ ಜೊತೆ ತಪಾಸಣೆಗೆ ಹೋದೆ. ಡಾಕ್ಟರು ಹೊಲಿಗೆ ನೋಡಿ, ರಕ್ತದ ರಿಪೋರ್ಟು ನೋಡಿ, ಚೆನ್ನಾಗಿ ಮಾಗಿದೆ, ನಾಳೆಯಿಂದ ಶಾಲೆಗೆ ಹೋಗಬಹುದು, ಮನೆಗೆಲಸವೂ ಮಾಡಬಹುದು ಎಂದರು. ಗಂಡನಿಗೆ ಖುಷಿಯೋ ಖುಷಿ. ದಾರಿಯಲ್ಲಿ ನಾನು ಅವರ ತೋಳು ಹಿಡಿದು, ನೀವು ಬಾಯಿ ಬಿಡಬೇಡಿ ಎಂದೆ. ಅವರು ತಲೆಯಾಡಿಸಿ ವ್ಯಾನು ತಿರುಗಿಸಿದರು.

ಮನೆಗೆ ಬಂದಾಗ ಅಮ್ಮ ತನ್ನ ಎರಡು ಸೀರೆಯನ್ನೂ ಒಗೆದು ಮಡಚಿ, ಚೀಲದಲ್ಲಿ ತುಂಬಿ ಬಾಗಿಲ ಹತ್ತಿರ ಇಟ್ಟು ಕಾದಿದ್ದಳು. "ಎಂತ ಹೇಳ್ರ್?" ಎಂದಳು.

ನಾನು ಗೋಡೆ ಹಿಡಿದು ನಿಧಾನವಾಗಿ ಹಾಸಿಗೆಯಲ್ಲಿ ಕೂತೆ. "ಇನ್ನೂ ಎರಡ್ ವಾರ ಏಳುಕಾಗ ಅಂದ್ರ್" ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ನಲವತ್ತು ವರ್ಷ ಕೊಳ್ಳುವವರ, ಕೊಳ್ಳದವರ ಮುಖ ನೋಡಿ ಬದುಕಿದ ಹೆಂಗಸು. ಆಮೇಲೆ ಚೀಲದಿಂದ ಸೀರೆ ತೆಗೆದು ಮತ್ತೆ ಗೂಟಕ್ಕೆ ಹಾಕಿ, ನನ್ನ ಫೋನು ಕೇಳಿ ತೆಗೆದುಕೊಂಡು, ಈ ಸಲ ಹಿತ್ತಿಲಿಗೆ ಹೋಗದೆ ನನ್ನೆದುರೇ ನಿಂತು ತಂಗಿಗೆ ಹೇಳಿದಳು: "ಅಕ್ಕಂಗೆ ಇನ್ನೂ ಗುಣ ಆಯ್ಲಿಲ್ಲೆ ಹೆಣೆ. ನಂಗೆ ಈಗ ಬಪ್ಪುಕಾತಿಲ್ಲೆ."